ಬಲತೋಳಿನ ತೇಪೆ

ಫೆಬ್ರವರಿ ೩

ಮಾನ್ಯ ಅಮ್ಮನವರಿಗೆ ನಮಸ್ಕಾರಗಳು.

ತಮಗೆ ನನ್ನ ಪರಿಚಯವಿಲ್ಲ. ನಾನು ಕಂಚಿನ ಪ್ರತಿಮೆಗಳನ್ನು ಮಾಡುವ ಶಿಲ್ಪಿ. ರಾಜಧಾನಿಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಒಂದು ಶೆಡ್ಡಿನಲ್ಲಿ ನನ್ನ ಕೆಲಸ ನಡೆಯುತ್ತದೆ. ಹೋದ ವರ್ಷ ತೀರಿಕೊಂಡ ತಮ್ಮ ಯಜಮಾನರ ಪ್ರತಿಮೆಯನ್ನು ನದಿ ದಂಡೆಯ ಚೌಕದಲ್ಲಿ ನಿಲ್ಲಿಸಬೇಕೆಂದು ಸ್ಮಾರಕ ಸಮಿತಿಯವರು ತೀರ್ಮಾನಿಸಿ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.

ಯುದ್ಧದಲ್ಲಿ ಸೇತುವೆಯನ್ನು ಹಿಡಿದು ನಿಂತು ಊರನ್ನು ಉಳಿಸಿದ ದಂಡನಾಯಕರನ್ನು ಜನ ಇವತ್ತಿಗೂ ‘ಸೇತುವೆ ಸಾಹೇಬ್ರು’ ಎಂದೇ ಕರೆಯುವುದು. ಆದ್ದರಿಂದ ಬಲಗೈಯನ್ನು ಮೇಲೆತ್ತಿ ಸೇತುವೆಯ ಕಡೆ ಬೆರಳು ತೋರಿಸುತ್ತಿರುವ ನಿಲುವು ಇರಲಿ ಎಂದು ಸಮಿತಿಯ ಆಸೆ. ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು, ಹೀಗೆ ಎಂದು ಕೈಯೆತ್ತಿ ತೋರಿಸಿದರು. ನನಗೆ ಬಸ್ಸಿಗೆ ಕೈ ಅಡ್ಡ ಹಾಕುವವರನ್ನು ಕಂಡಂತಾಯಿತು. ಅಲ್ಲಿ ಹೇಳಲಿಲ್ಲ, ತಮಗೆ ಹೇಳುತ್ತಿದ್ದೇನೆ.

ನಿಲುವಿನ ಬಗ್ಗೆ ಮನೆಯವರ ಮಾತೇ ಕೊನೆಯದೆಂದು ಸಮಿತಿ ಒಪ್ಪಿದೆ. ತಮ್ಮ ಸಹಿಯುಳ್ಳ ಒಪ್ಪಿಗೆ ಕೈಗೆ ಬಾರದೆ ನಾನು ಎರಕಕ್ಕೆ ಇಳಿಯುವಂತಿಲ್ಲ. ದಂಡನಾಯಕರು ಮನೆಯಲ್ಲಿ ಹೇಗೆ ನಿಲ್ಲುತ್ತಿದ್ದರು, ಹೇಗೆ ನಡೆಯುತ್ತಿದ್ದರು, ನೆನಪಿದ್ದಷ್ಟನ್ನು ತಿಳಿಸಬೇಕು. ಅವರ ಹಳೆಯ ಕೋಟುಗಳೇನಾದರೂ ಇದ್ದರೆ ಕಳಿಸಿಕೊಡಿ. ಫೋಟೋದಲ್ಲಿ ಕಾಣದ್ದು ಬಟ್ಟೆಯಲ್ಲಿ ಕಾಣುತ್ತದೆ.

ಇಂತಿ,
ಶಿಲ್ಪಿ

*

ಫೆಬ್ರವರಿ ೧೯

ಶಿಲ್ಪಿಗಳಿಗೆ ನಮಸ್ಕಾರ.

ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದೋ ಬೇಡವೋ ಎಂದು ಒಂದಷ್ಟು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ನನ್ನ ಮಗಳು, “ಅವರ ಕೆಲಸಕ್ಕೆ ಯಾಕಮ್ಮ ಕಲ್ಲು ಹಾಕ್ತೀಯ, ಏನೋ ಒಂದು ಬರೆದು ಹಾಕು” ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕೇಳಬಾರದವಳನ್ನು ಕೇಳಿದ್ದೀರಿ. ಅವರ ಜೊತೆ ಸಂಸಾರ ಮಾಡಿದ್ದಕ್ಕಿಂತ ಅವರನ್ನು ಬಿಟ್ಟು ಈ ಕಡಲ ದಂಡೆಯ ಊರಿನಲ್ಲಿ ಮಗಳ ಮನೆಯ ಮಹಡಿಯಲ್ಲಿ ಕೂತದ್ದೇ ಹೆಚ್ಚು. ಸತ್ತಾಗಲೂ ನಾನು ಹೋಗಲಿಲ್ಲ. ಇದು ನಿಮ್ಮ ಸಮಿತಿಯವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರ ಹಾಗೆ ‘ಮನೆಯವರ ಮಾತೇ ಕೊನೆ’ ಅನ್ನುತ್ತಾರೆ.

ಆದರೂ ಕೇಳಿದ್ದೀರಿ, ಹೇಳುತ್ತೇನೆ. ನಮ್ಮ ಯಜಮಾನರು ಜನ್ಮದಲ್ಲಿ ಯಾವುದಕ್ಕೂ ಬೆರಳು ತೋರಿಸಿದವರಲ್ಲ. ನೀರು ಬೇಕೆಂದರೆ ಗಲ್ಲ ಎತ್ತಿ ಹೂಜಿಯ ಕಡೆ ನೋಡುವರು, ನಾನು ಅರ್ಥ ಮಾಡಿಕೊಳ್ಳಬೇಕು. ಯುದ್ಧದಿಂದ ಬಂದ ಮೇಲಂತೂ ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ನಿಲ್ಲುತ್ತಿದ್ದದ್ದು. ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರೆ ತಪಾಸಣೆಗೆ ಬಂದ ಹಾಗೆ. “ನಾನೇನು ನಿಮ್ಮ ಸಿಪಾಯಿನಾ, ಬಕಲ್ ಉಜ್ಜಿ ತೋರಿಸಲಾ?” ಎಂದು ಕೇಳಿದ್ದೇನೆ. ನಗುತ್ತಲೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ.

ಅವರು ಹೋದ ಮೇಲೆ ಸರ್ಕಾರದವರು ಒಂದು ಟ್ರಂಕು ತಂದು ಇಳಿಸಿ ಹೋಗಿದ್ದಾರೆ. ಬಟ್ಟೆಗಳಂತೆ. ನಾನು ಮುಚ್ಚಳ ತೆಗೆದಿಲ್ಲ. ಬೀಗದ ಕೈಯನ್ನು ಹಿಡಿಕೆಗೇ ಕಟ್ಟಿ ರೈಲಿಗೆ ಹಾಕಿಸುತ್ತಿದ್ದೇನೆ. ವಾಪಸು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

*

ಮಾರ್ಚ್ ೧೪

ಅಮ್ಮನವರಿಗೆ ನಮಸ್ಕಾರಗಳು.

ಟ್ರಂಕು ತಲುಪಿತು. ಉಣ್ಣೆಯ ಕೋಟುಗಳು, ಸೈನ್ಯದ ಕಾಲದವು ಕೆಳಗೆ, ಅಧಿಕಾರದ ಕಾಲದವು ಮೇಲೆ. ಎಲ್ಲವನ್ನೂ ಗೋಡೆಯ ಮೊಳೆಗಳಿಗೆ ತೂಗುಹಾಕಿ ನೋಡುತ್ತಿದ್ದೇನೆ.

ಒಂದು ಸಂಗತಿ ಕೇಳಬೇಕಾಗಿದೆ. ಯುದ್ಧಕ್ಕೆ ಮುಂಚಿನ ಒಂದು ಕೋಟನ್ನು ಬಿಟ್ಟರೆ ಉಳಿದ ಎಲ್ಲ ಕೋಟುಗಳಲ್ಲೂ ಬಲತೋಳಿನ ತುದಿ, ಮಣಿಕಟ್ಟಿನ ಹತ್ತಿರ, ಸವೆದುಹೋಗಿದೆ. ಎಡತೋಳು ಹೊಸದರಂತೆಯೇ ಇದೆ. ಕೆಲವು ಕೋಟುಗಳ ಮೇಲೆ ಬಹಳ ನಾಜೂಕಿನ ತೇಪೆಯಿದೆ. ಒಂದರ ಮೇಲೆ ತೊಗಲಿನ ತುಂಡನ್ನು ಕೂರಿಸಿ ಹೊಲಿದಿದ್ದಾರೆ. ಇದನ್ನು ಮಾಡಿದವರು ಯಾರು? ಅಲ್ಲಿ ಯಾಕೆ ಸವೆಯಿತು, ತಮಗೆ ತಿಳಿದಿದೆಯೇ?

ಶಿಲ್ಪಿ

*

ಮಾರ್ಚ್ ೩೦

ಶಿಲ್ಪಿಗಳೇ,

ಆ ನಾಜೂಕಿನ ತೇಪೆ ನನ್ನದು, ಮತ್ತೆ ಯಾರದು? ಉಣ್ಣೆಗೆ ಉಣ್ಣೆಯ ನೂಲನ್ನೇ ಒಳ ಅಂಚಿನಿಂದ ಎಳೆದು ತುಂಬಿದ್ದೇನೆ. ನಿಮ್ಮ ಕಣ್ಣಿಗೆ ಬಿತ್ತಲ್ಲ, ಸದ್ಯ. ಹಾಕಿಕೊಂಡವರ ಕಣ್ಣಿಗೆ ಬಿದ್ದಿರಲಿಲ್ಲ.

ಸವೆಯದೆ ಇನ್ನೇನಾಗುತ್ತದೆ? ದಿನವಿಡೀ ಫೈಲುಗಳ ಮುಂದೆ ಕೂತು ಬರೆದೂ ಬರೆದೂ ಮೇಜಿಗೆ ಉಜ್ಜಿ ಉಜ್ಜಿ ತೋಳು ತೂತು ಬಿದ್ದದ್ದು. ನನಗೆ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ. ಮದುವೆಯಾದ ಹೊಸದರಲ್ಲಿ ದಂಡಿನ ಬಿಡಾರದಿಂದ ಕೈಬರಹದಲ್ಲಿ ಕಾಗದ ಬರೆಯುತ್ತಿದ್ದರು. ಅಕ್ಷರ ಎಷ್ಟು ದುಂಡಗೆ ಗೊತ್ತಾ, ನೋಡುತ್ತಾ ಕೂರುವ ಹಾಗೆ. ಸೇತುವೆಯ ಯುದ್ಧ ಗೆದ್ದು ದೊಡ್ಡ ಮನುಷ್ಯರಾದರು ನೋಡಿ, ಅವತ್ತಿನಿಂದ ಟೈಪು ಮಾಡಿದ ಕಾಗದ. ಕೆಳಗೆ ರಬ್ಬರ್ ಮುದ್ರೆಯ ಸಹಿ. ಕಟ್ಟಿಕೊಂಡ ಹೆಂಡತಿಗೆ! ನೀರಿನ ಕಂದಾಯ ಕಟ್ಟಿ ಎಂದು ನೋಟೀಸು ಬಂದ ಹಾಗೆ. ಫೈಲಿಗೆ ತೋಳು ಸವೆಸುವ ಕೈ ನನಗೆ ನಾಲ್ಕು ಸಾಲು ಬರೆಯಲಿಕ್ಕೆ ಏಳುವುದಿಲ್ಲ ಅಂದರೆ ಏನು ಹೇಳೋಣ?

ತೊಗಲಿನ ತುಂಡು ಹೊಲಿದದ್ದು ಸಿಟ್ಟಿಗೆ. ಹೊಲಿದು ಕೋಟನ್ನು ಅವರ ಮುಂದೆ ಹಿಡಿದು, “ಸರ್ಕಾರ ನಿಮ್ಮ ತೋಳು ತಿಂದಾಯ್ತು. ಇನ್ನು ಕೈ ಒಂದು ಬಾಕಿ, ಅದನ್ನೂ ತಿನ್ನುತ್ತೆ ನೋಡ್ತಾ ಇರಿ” ಅಂದೆ. ನನ್ನ ನಾಲಿಗೆ ಸ್ವಲ್ಪ ಉದ್ದವೇ. ಅವತ್ತು ಅವರು ನನ್ನ ಮುಖವನ್ನೇ ನೋಡಿ, “ನಿನಗೆ ಗೊತ್ತಾಯ್ತಾ?” ಅಂದರು. “ಗೊತ್ತಾಗದೆ ಏನು, ನನಗೇನು ಕಣ್ಣಿಲ್ವಾ?” ಅಂದೆ. ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಒಂದು ಜಗಳ ಆಡುವುದಕ್ಕೂ ಲಾಯಕ್ಕಿಲ್ಲದ ಮನುಷ್ಯ.

ಇಷ್ಟು ಸಾಕಾ? ನಿಮ್ಮ ಪ್ರತಿಮೆಗೆ ತೇಪೆ ಹಾಕುವ ಯೋಚನೆ ಇದ್ದರೆ ಬಿಡಿ, ಸಮಿತಿಯವರು ಎದೆ ಹಿಡಿದುಕೊಂಡಾರು.

*

ಮೇ ೯

ಅಮ್ಮನವರಿಗೆ,

ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಇಷ್ಟು ದಿನ ತಡೆದೆ.

ತಾವು ಹೇಳಿದ ಹಾಗೆ ಬೆನ್ನ ಹಿಂದೆ ಕೈ ಕಟ್ಟಿದ ನಿಲುವನ್ನು ಮೊದಲು ಮಣ್ಣಿನಲ್ಲಿ ಮಾಡಿ ನೋಡೋಣವೆಂದು ಹೊರಟೆ. ಕಬ್ಬಿಣದ ಸರಳು ಕಟ್ಟಿ, ಮಣ್ಣು ಮೆತ್ತಿ, ಮೈ ಒಂದು ಹದಕ್ಕೆ ಬಂದ ಮೇಲೆ ಬಟ್ಟೆಯ ಮಡಿಕೆಗಳನ್ನು ನೋಡಲು ಅವರ ಕೋಟನ್ನು ನಾನೇ ತೊಟ್ಟು ಎರಡು ಕನ್ನಡಿಗಳ ನಡುವೆ ನಿಂತೆ. ಕೈಗಳನ್ನು ಹಿಂದಕ್ಕೆ ಕಟ್ಟಿದಾಗ ನನ್ನ ಎಡಗೈಯ ಬೆರಳುಗಳು ತಾವಾಗಿಯೇ ಹೋಗಿ ಬಲತೋಳಿನ ಸವೆದ ಜಾಗಗಳಲ್ಲಿ ಕೂತವು. ಒಂದು ಪಕ್ಕಕ್ಕೆ ಬೆರಳುಗಳು, ಇನ್ನೊಂದು ಪಕ್ಕಕ್ಕೆ ಹೆಬ್ಬೆಟ್ಟು. ಮೇಜಿಗೆ ಉಜ್ಜಿದ ಬಟ್ಟೆ ಅಡಿಯಲ್ಲಿ ಮಾತ್ರ ಸವೆಯುತ್ತದೆ. ಇದು ಸುತ್ತಲೂ ಸವೆದಿದೆ. ಅಷ್ಟು ದಪ್ಪ ಉಣ್ಣೆ ಹಾಗಾಗಬೇಕಾದರೆ ಸುಮ್ಮನೆ ಹಿಡಿದುಕೊಂಡರೆ ಸಾಲದು. ಬಿಗಿಯಾಗಿ, ವರ್ಷಗಟ್ಟಲೆ, ದಂಡನಾಯಕರು ತಮ್ಮ ಮಣಿಕಟ್ಟನ್ನು ತಾವೇ ಹಿಡಿದುಕೊಂಡು ನಿಂತಿದ್ದಾರೆ.

ಆಮೇಲೆ ವಾರ್ತಾ ಇಲಾಖೆಯ ನೆಲಮಾಳಿಗೆಗೆ ಹೋಗಿ ಹಳೆಯ ಸುದ್ದಿಚಿತ್ರಗಳನ್ನು ಹಾಕಿಸಿ ನೋಡಿದೆ. ಯಾವುದೋ ಆಸ್ಪತ್ರೆಯ ಉದ್ಘಾಟನೆ. ಒಬ್ಬಳು ಪುಟ್ಟ ಹುಡುಗಿ ಹೂಗೊಂಚಲು ಕೊಡುತ್ತಾಳೆ. ಅದನ್ನು ತೆಗೆದುಕೊಳ್ಳಲು ದಂಡನಾಯಕರು ಎಡಗೈಯನ್ನು ಮುಂದೆ ತರುತ್ತಾರೆ. ಅಷ್ಟರಲ್ಲಿ ಬಲಗೈ ತೊಡೆಯ ಪಕ್ಕದಲ್ಲಿ ಪಟಪಟನೆ ಬಡಿದುಕೊಳ್ಳಲು ಶುರುವಾಗುತ್ತದೆ. ಅವರು ಹೂವನ್ನು ಪಕ್ಕದವರ ಕೈಗೆ ತುರುಕಿ, ಬೀದಿಗೆ ಓಡುವ ಮಗುವಿನ ರಟ್ಟೆ ಹಿಡಿದಂತೆ, ಎಡಗೈಯಿಂದ ಬಲಗೈಯನ್ನು ಹಿಡಿದು ಬೆನ್ನ ಹಿಂದಕ್ಕೆ ಒಯ್ಯುತ್ತಾರೆ. ಮುಖದಲ್ಲಿ ಮಾತ್ರ ಒಂದು ಗೆರೆಯೂ ಬದಲಾಗುವುದಿಲ್ಲ.

ಅವರ ಬಲಗೈ ನಡುಗುತ್ತಿತ್ತು ಅಮ್ಮಾ. ಯುದ್ಧದ ನಂತರದ ಎಷ್ಟೋ ಫೋಟೋಗಳನ್ನು ಹುಡುಕಿದೆ. ಒಂದರಲ್ಲೂ ಆ ಕೈ ಸಡಿಲವಾಗಿ ಇಳಿಬಿದ್ದಿಲ್ಲ. ಜೇಬಿನಲ್ಲಿದೆ, ಬೆಲ್ಟಿನಲ್ಲಿದೆ, ಇಲ್ಲವೇ ಎಡಗೈಯ ಹಿಡಿತದಲ್ಲಿದೆ.

ಇನ್ನೊಂದು ಮಾತು. ಟ್ರಂಕಿನಲ್ಲಿ ಮೇಲಿದ್ದ ಕೋಟುಗಳ ತೋಳಿಗೂ ಹೊಲಿಗೆ ಬಿದ್ದಿದೆ, ಆದರೆ ಅದು ತಮ್ಮ ಕೈಯದಲ್ಲ, ದರ್ಜಿಯದೂ ಅಲ್ಲ. ದೊಡ್ಡ ದೊಡ್ಡ ಓರೆ ಹೊಲಿಗೆ, ಕರಿ ಕೋಟಿಗೆ ಬಿಳಿ ದಾರ. ಹೊಲಿಗೆ ಬಾರದವರು ಎಡಗೈಯಲ್ಲಿ ಹೊಲಿದ ಹಾಗಿದೆ.

ಇವೆಲ್ಲ ತಮಗೆ ಮೊದಲೇ ಗೊತ್ತಿದ್ದರೆ ಅಧಿಕಪ್ರಸಂಗವನ್ನು ಕ್ಷಮಿಸಿ.

ಶಿಲ್ಪಿ

*

ಜೂನ್ ೨೨

ಅಮ್ಮನವರಿಗೆ ನಮಸ್ಕಾರಗಳು.

ತಮ್ಮಿಂದ ಉತ್ತರ ಬಂದಿಲ್ಲ. ನಾನು ಬರೆದದ್ದರಿಂದ ನೋವಾಗಿದ್ದರೆ ಕ್ಷಮೆ ಇರಲಿ. ಮಣ್ಣು ಒಣಗಿ ಬಿರುಕು ಬಿಡದ ಹಾಗೆ ದಿನವೂ ಒದ್ದೆ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಸಮಿತಿಯ ಕಾರ್ಯದರ್ಶಿ ಎರಡು ಸಲ ಬಂದು, “ಏನ್ರೀ, ಸಾಹೇಬ್ರಿಗೆ ಇನ್ನೂ ಸ್ನಾನನೇ ಮುಗಿದಿಲ್ವಾ?” ಎಂದು ಕೇಳಿ ಹೋದರು.

ಬೆರಳು ತೋರಿಸುವ ನಿಲುವೋ, ಕೈ ಕಟ್ಟಿದ ನಿಲುವೋ, ತಾವು ಒಂದು ಮಾತು ಹೇಳಿದರೆ ಸಾಕು.

*

ಆಗಸ್ಟ್ ೨

ಶಿಲ್ಪಿಯವರೇ,

ನನಗೆ ಗೊತ್ತಿರಲಿಲ್ಲ.

ಇಷ್ಟನ್ನು ಬರೆಯಲಿಕ್ಕೆ ಇಷ್ಟು ದಿನ ಬೇಕಾಯಿತು. ನಿಮ್ಮ ಕಾಗದ ಓದಿ ಮೊದಲು ನಿಮ್ಮ ಮೇಲೆ ಕೋಪ ಬಂತು. ಯಾರೋ ಮಣ್ಣು ಮೆತ್ತುವವನು ನನ್ನ ಗಂಡನ ಕೈ ವಿಷಯ ನನಗೆ ಹೇಳುವುದೇ ಎಂದು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಬೇಡ ಬೇಡವೆಂದರೂ ಬಿಡಲಿಲ್ಲ.

ಬಟ್ಟಲಲ್ಲಿ ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. “ಅಲ್ಲೇ ಇಡು” ಅನ್ನುವರು. ನಾನು ಅತ್ತ ಹೋದ ಮೇಲೆ ಕುಡಿಯುವರು. ನನ್ನ ಕೈಯಿಂದ ಒಂದು ಬಟ್ಟಲು ಇಸಿದುಕೊಳ್ಳಲಿಕ್ಕೂ ಆಗದಷ್ಟು ದೊಡ್ಡಸ್ತಿಕೆ ಬಂತಲ್ಲ ಅಂದುಕೊಂಡೆ. ನಮ್ಮ ಮಗಳು ಚೊಚ್ಚಲ ಹೆರಿಗೆ ಮುಗಿಸಿ ಕೂಸನ್ನು ತಂದು, “ಎತ್ಕೋ ಅಪ್ಪಾ” ಎಂದು ಮುಂದೆ ಹಿಡಿದಳು. ಅವರು ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ಬಗ್ಗಿ ನೋಡಿ, “ಚೆನ್ನಾಗಿದೆ” ಅಂದರು. ಅಂಗಡಿಯಲ್ಲಿ ಪಾತ್ರೆ ನೋಡಿದ ಹಾಗೆ. ಮಗಳು ಆಮೇಲೆ ಅಪ್ಪನ ಮನೆ ಹೊಸಿಲು ತುಳಿಯಲಿಲ್ಲ. ಬೀಳಿಸಿಬಿಟ್ಟೇನು ಎಂದು ಹೆದರಿದ್ದರು ಅಂತ ಈಗ ತಿಳಿಯುತ್ತದೆ. ಈಗ ತಿಳಿದು ಯಾರಿಗೆ ಏನು ಬಂತು?

ನಾನು ಮನೆ ಬಿಟ್ಟು ಬಂದ ಮೇಲೂ ಟೈಪು ಮಾಡಿದ ಲಕೋಟೆಗಳು ಬರುತ್ತಿದ್ದವು. ಒಡೆಯದೆ ವಾಪಸು ಕಳಿಸಿದೆ. ಪ್ರತಿಯೊಂದನ್ನೂ. ಕೈಯಲ್ಲಿ ಬರೆದ ದಿನ ಓದುತ್ತೇನೆ ಎಂದು ಒಂದರ ಮೇಲೆ ಬರೆದೂ ಕಳಿಸಿದೆ. ಆಮೇಲೆ ಬರುವುದು ನಿಂತಿತು.

ಇದಾವುದೂ ಅಲ್ಲ ನನ್ನನ್ನು ಕೊಲ್ಲುತ್ತಿರುವುದು. ತೊಗಲಿನ ತೇಪೆಯ ದಿನ “ನಿನಗೆ ಗೊತ್ತಾಯ್ತಾ?” ಎಂದು ಕೇಳಿದರಲ್ಲ, ನಾನು ಗೊತ್ತು ಅಂದೆನಲ್ಲ. ಅವರು ಕೈಯ ವಿಷಯ ಕೇಳಿದ್ದರು. ನನಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ಆಡಿಕೊಳ್ಳುತ್ತಿದ್ದೇನೆ, ಗೊತ್ತಿದ್ದೇ ಬಿಟ್ಟು ಹೋದೆ, ಕೈಯಲ್ಲಿ ಬರಿ ಎಂದು ಗೊತ್ತಿದ್ದೇ ಅಣಕಿಸಿದೆ ಎಂದುಕೊಂಡೇ ಆ ಮನುಷ್ಯ ಸತ್ತರು. ಅಯ್ಯೋ ದೇವರೇ, ನಾನು ಇದನ್ನು ಯಾರ ಹತ್ತಿರ ಹೋಗಿ ಸರಿ ಮಾಡಿಸಲಿ?

ಜೀವಮಾನವಿಡೀ ಮುಚ್ಚಿಟ್ಟುಕೊಂಡದ್ದನ್ನು ನಾನು ಚೌಕದಲ್ಲಿ ಕಂಚು ಹೊಯ್ಯಿಸಿ ನಿಲ್ಲಿಸುವುದಿಲ್ಲ. ಸಮಿತಿಯವರು ಹೇಳಿದ ಹಾಗೆ ಬೆರಳು ತೋರಿಸುವುದನ್ನೇ ಮಾಡಿ. ನಡುಗದ ಬಲಗೈ ಒಂದನ್ನಾದರೂ ಅವರಿಗೆ ಕೊಟ್ಟುಬಿಡಿ.

ಒಂದು ವಿಷಯ. ನೀವು ಒಂದು ಸಲವೂ ಅವರ ಸರ್ಕಾರದ ಕಾಲದ ಬಗ್ಗೆ ಕೇಳಲಿಲ್ಲ. ಅಷ್ಟು ವರ್ಷ ಈ ದೇಶವನ್ನು ಆಳಿದವರನ್ನು ‘ದಂಡನಾಯಕರು’ ಎಂದೇ ಬರೆಯುತ್ತೀರಿ, ‘ಅಧ್ಯಕ್ಷರು’ ಎಂದು ಒಮ್ಮೆಯೂ ಬರೆಯಲಿಲ್ಲ. ಆ ಮಾತನ್ನು ಇಕ್ಕಳದಲ್ಲಿ ಹಿಡಿದು ದೂರ ಇಡುವ ಹಾಗಿದೆ. ಯಾಕೆ?

*

ಆಗಸ್ಟ್ ೧೬

ಅಮ್ಮಾ,

ಕೇಳಿದ್ದೀರಿ. ಮುಚ್ಚಿಡುವುದಿಲ್ಲ.

ನನ್ನ ಅಣ್ಣ ಒಂದು ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ಸೇತುವೆ ಸಾಹೇಬರು ಅಧ್ಯಕ್ಷರಾದ ಮೇಲೆ ಪತ್ರಿಕೆಗಳ ಬಾಯಿ ಮುಚ್ಚಿಸಿದ ವರ್ಷ ಅವನನ್ನೂ ಅವನ ಜೊತೆಯವರನ್ನೂ ಹಿಡಿದುಕೊಂಡು ಹೋದರು. ಬರೆದವನು ಅಣ್ಣನಲ್ಲ, ಅಚ್ಚು ಹಾಕಿಸಿದವನೂ ಅಲ್ಲ, ಅಕ್ಷರ ಜೋಡಿಸಿದವನು. ಮನೆಗೆ ಬಂದ ಆಜ್ಞೆಯ ಕೆಳಗೆ ಕೈಯಲ್ಲಿ ಹಾಕಿದ ಸಹಿ ಇರಲಿಲ್ಲ, ಸಹಿಯ ರಬ್ಬರ್ ಮುದ್ರೆ ಇತ್ತು. ನಮ್ಮಮ್ಮ ಅದನ್ನು ಕೈಯಲ್ಲಿ ಹಿಡಿದು, “ನನ್ನ ಮಗನ್ನ ಒಳಗೆ ಹಾಕೋಕೆ ಒಂದು ಸಹಿ ಹಾಕುವಷ್ಟೂ ಪುರುಸೊತ್ತಿಲ್ವಾ ಆ ಮಹಾನುಭಾವನಿಗೆ?” ಎಂದು ಕೇಳಿದಳು. ಸಾಯುವವರೆಗೂ ಅದನ್ನೇ ಕೇಳುತ್ತಿದ್ದಳು. ಅವನನ್ನು ಯಾಕೆ ಹಿಡಿದರೆಂದು ಯಾರೂ ಹೇಳಲಿಲ್ಲ. ಚಳಿಗಾಲ ಕಳೆಯುತ್ತಿದ್ದ ಹಾಗೆ ಒಂದು ದಿನ ಬಿಟ್ಟರು, ಯಾಕೆ ಬಿಟ್ಟರೆಂದೂ ಹೇಳಲಿಲ್ಲ. ಅಣ್ಣ ಕೆಮ್ಮುತ್ತಾ ಬಂದ. ಮತ್ತೆ ಮೊಳೆ ಮುಟ್ಟಲಿಲ್ಲ.

ಈ ಪ್ರತಿಮೆಯ ಕೆಲಸ ಒಪ್ಪಿಕೊಂಡ ದಿನದಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಒಂದೇ ಮನೆಯಲ್ಲಿದ್ದೇವೆ, ನಾನು ಊಟ ಮಾಡಿ ಎದ್ದ ಮೇಲೆ ಬಂದು ಕೂರುತ್ತಾನೆ. ನಾನು ಯಾಕೆ ಒಪ್ಪಿಕೊಂಡೆ ಎಂದು ಅವನಿಗೂ ಹೇಳಲಿಲ್ಲ. ಸೇಡು ತೀರಿಸಿಕೊಳ್ಳಲು ಒಪ್ಪಿದೆ. ಅವರು ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದರು ಎಂದು ನೀವು ಬರೆದಾಗ ನನಗೆ ಖುಷಿಯಾಯಿತು. ಜೈಲಿನ ಅಧಿಕಾರಿ ಹಾಗೆಯೇ ನಿಂತು ಸಾಲು ನೋಡುತ್ತಿದ್ದ ಎಂದು ಅಣ್ಣ ಒಮ್ಮೆ ಹೇಳಿದ್ದ. ಊರಿನ ನಡುವೆ ಒಬ್ಬ ಜೈಲಿನವನನ್ನು ನಿಲ್ಲಿಸಿಬಿಡೋಣ, ನೋಡಿದವರಿಗೆ ಗೊತ್ತಾಗಲಿ ಎಂದು ಮಣ್ಣಿಗೆ ಕೈ ಹಾಕಿದ್ದೆ. ಆ ಕೋಟು ಎಲ್ಲ ಕೆಡಿಸಿತು.

ಹಾಗೆಂದು ನಾನು ಕರಗಿಹೋದೆ ಎಂದು ತಿಳಿಯಬೇಡಿ. ಕೈ ನಡುಗುತ್ತಿತ್ತು, ಸರಿ. ಬಾಯಿಗೆ ಏನಾಗಿತ್ತು? ನನಗೆ ಹೀಗಾಗಿದೆ ಎಂದು ಒಬ್ಬರಿಗಾದರೂ ಹೇಳಿದ್ದರೆ, ಸಹಿ ಹಾಕಲಾಗದ್ದಕ್ಕೆ ಮಾಡಿಸಿದ ಆ ಮುದ್ರೆ ಯಾರ್ಯಾರದೋ ಮೇಜಿನ ಮೇಲೆ ಉರುಳಾಡುತ್ತಿರಲಿಲ್ಲ. ಒಂದು ಕೈ ನಡುಗುವುದನ್ನು ಮುಚ್ಚಲು ಎಷ್ಟು ಮನೆಗಳು ನಡುಗಿದವು! ಅದನ್ನು ನಾನು ಮರೆಯಲಾರೆ.

ನೀವು ಬೆರಳು ತೋರಿಸುವುದನ್ನೇ ಮಾಡಿ ಎಂದರೆ ಮಾಡುತ್ತೇನೆ. ಆದರೆ ಅದು ಸುಳ್ಳು ಕೈ. ಬೇಕಾದರೆ ಒಪ್ಪಿಗೆಯ ಜೊತೆ ಇನ್ನೊಂದು ಕಾಗದದಲ್ಲಿ, ಬೇರೆ ಶಿಲ್ಪಿಯನ್ನು ನೋಡಿಕೊಳ್ಳಿ ಎಂದೂ ಸಮಿತಿಗೆ ಬರೆದು ಕಳಿಸಿ.

*

ಸೆಪ್ಟೆಂಬರ್ ೨೫

ತಮ್ಮಾ,

ಹೀಗೆ ಕರೆಯಲಿಕ್ಕೆ ನಿನ್ನ ಅಪ್ಪಣೆ ಕೇಳುವುದಿಲ್ಲ. ವಯಸ್ಸಾದವಳು.

ನಾನು ಮನೆ ಬಿಟ್ಟದ್ದು ಯಾಕೆ ಎಂದು ನಿನಗೆ ಹೇಳಿಲ್ಲ. ನೀನು ಬರೆದ ಆ ಚಳಿಗಾಲದಲ್ಲೇ ಒಂದು ಭಾನುವಾರ ಮಧ್ಯಾಹ್ನ ಯಜಮಾನರು ಊಟಕ್ಕೆ ಕೂತಿದ್ದರು. ಬೆಳಿಗ್ಗೆ ಯಾರೋ ಹೆಂಗಸರು ಗೇಟಿನ ಹತ್ತಿರ ಬಂದು ಅತ್ತು ಹೋಗಿದ್ದರು, ಅಚ್ಚುಮನೆಯವರ ಮನೆಯವರಂತೆ. ಅವರಲ್ಲಿ ನಿನ್ನ ತಾಯಿ ಇದ್ದಳೋ ಏನೋ, ನಾನು ಕಿಟಕಿಯಿಂದ ನೋಡಿದ್ದು. “ಆ ಅಚ್ಚುಮನೆಯವರನ್ನ ಬಿಟ್ಟುಬಿಡಿ” ಅಂದೆ. “ಯಾವ ಅಚ್ಚುಮನೆಯವರು?” ಅಂದರು. ನನಗೆ ಮೈ ಉರಿದುಹೋಯಿತು. “ನಾಟಕ ಆಡಬೇಡಿ, ಆಜ್ಞೆಯ ಮೇಲೆ ನಿಮ್ಮ ಸಹಿ ಇದೆಯಂತಲ್ಲ” ಅಂದೆ. “ಸಹಿ ಇದೆಯಾ?” ಎಂದು ಕೇಳಿ, ಮುಂದಿದ್ದ ತಟ್ಟೆ ಮುಟ್ಟದೆ ಎದ್ದು ಕಚೇರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಂಡತಿಯ ಮುಖಕ್ಕೆ ಬಾಗಿಲು ಹಾಕಿದವರ ಮನೆಯಲ್ಲಿ ನನಗೇನು ಕೆಲಸ ಎಂದು ಮರುದಿನವೇ ಹೊರಟುಬಂದೆ.

ನಿನ್ನ ಅಣ್ಣನನ್ನು ಬಿಟ್ಟದ್ದು ಅದೇ ಚಳಿಗಾಲದ ಕೊನೆಗೆ. ನಾನು ಹೊರಟು ಬಂದ ಸ್ವಲ್ಪ ದಿನಕ್ಕೆ. ಅವತ್ತೇ ಗೊತ್ತಾಗಿ ಬಿಡಿಸಿದರೋ, ಅದನ್ನೇ ನನಗೆ ಕಾಗದದಲ್ಲಿ ಬರೆದಿದ್ದರೋ, ನಾನು ಒಡೆದಿದ್ದರೆ ತಿಳಿಯುತ್ತಿತ್ತು. ಇಲ್ಲವೇ ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೋ, ಅದೂ ಇರಬಹುದು. ಅವರ ಪರ ವಾದ ಮಾಡಲಿಕ್ಕೆ ನಾನು ನಿಂತಿಲ್ಲ. ನೀನು ಹೇಳಿದ್ದು ಸರಿ. ಬಾಯಿಗೆ ಏನಾಗಿತ್ತು ಅವರಿಗೆ? ನಾನು ಅವರ ಹತ್ತಿರ ಕೂತು ಇದೇ ಮಾತು ಕೇಳಿ ಬೈದು ಹೊಡೆದು ಅಳಬೇಕಿತ್ತು. ಆ ಜಗಳ ನನ್ನ ಪಾಲಿನದು, ನನಗೆ ಸಿಗಲಿಲ್ಲ.

ಬೆರಳು ತೋರಿಸುವುದು ಬೇಡ. ಸುಳ್ಳು ಕೈ ಬೇಡ. ನೀನು ಮಣ್ಣಿನಲ್ಲಿ ಮಾಡಿದ್ದನ್ನೇ ಮಾಡು, ಆ ಹಿಡಿತದ ಸಮೇತ, ಸವೆದ ತೋಳಿನ ಸಮೇತ. ಎದುರಿಗೆ ನಿಂತವರಿಗೆ ಅವರು ಎಂದಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತ ಸಾಹೇಬರು. ಅಷ್ಟು ಮರ್ಯಾದೆ ಇರಲಿ. ಹಿಂದೆ ಹೋಗುವ ಮನಸ್ಸು ಯಾರಿಗಿದೆಯೋ ಅವರು ಹೋಗಿ ನೋಡಲಿ. ಚೌಕದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಅದು ಕೂಡದು. ಬೆನ್ನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಡಬೇಕು. ನನ್ನ ಷರತ್ತು ಇದೊಂದೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ, ಆದರೆ ತಾರೀಖು ಬರೆದಿಲ್ಲ. ಮೊದಲು ನಿನ್ನ ಅಣ್ಣನನ್ನು ಕರೆದುಕೊಂಡು ಹೋಗಿ ತೋರಿಸು. ಅವರು ಬೇಡ ಅಂದರೆ ಹರಿದುಹಾಕು. ಹ್ಞೂಂ ಅಂದರೆ ಅವತ್ತಿನ ತಾರೀಖು ನೀನೇ ಬರೆದುಕೋ.

*

ಜನವರಿ ೬

ಅಮ್ಮಾ,

ಎರಕ ಮುಗಿಯಿತು. ಅಚ್ಚು ಒಡೆದು, ಉಜ್ಜಿ, ಬಣ್ಣ ಹದಕ್ಕೆ ತಂದು ನಿಲ್ಲಿಸಿದ್ದೇವೆ. ಗೋಡೆಯಿಂದ ಮುಂದಕ್ಕೆ ತರಬೇಕು ಎಂದಾಗ ಸಮಿತಿಯವರು ಮೂಗು ಮುರಿದರು. “ಬೆನ್ನನ್ನ ಯಾರು ರೀ ನೋಡ್ತಾರೆ?” ಎಂದರು ಕಾರ್ಯದರ್ಶಿ. ಮನೆಯವರ ಮಾತೇ ಕೊನೆ ಎಂದು ನಿಮ್ಮ ಕಾಗದವನ್ನು ಮುಂದಿಟ್ಟೆ. ಗೊಣಗುತ್ತಾ ಒಪ್ಪಿಕೊಂಡರು.

ತಾರೀಖಿನ ವಿಷಯ ಹೇಳಬೇಕು. ನಿಮ್ಮ ಮಾತನ್ನು ಅಣ್ಣನಿಗೆ ಹೇಳಿದೆ. ಅವನು ಕೇಳಿಸದವನ ಹಾಗೆ ಕೂತಿದ್ದ. ನಾನು ಆಸೆ ಬಿಟ್ಟಿದ್ದೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ನಾನು ಮಣ್ಣಿಗೆ ನೀರು ಚಿಮುಕಿಸುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಒಳಗೆ ಬಂದ. ನನ್ನ ಕಡೆ ನೋಡಲಿಲ್ಲ. ಪ್ರತಿಮೆಯ ಎದುರಿಗೆ ಬಹಳ ಹೊತ್ತು ನಿಂತ. ಉಗಿಯುತ್ತಾನೆ ಎಂದೇ ನಾನು ತಿಳಿದೆ. ಆಮೇಲೆ ಸುತ್ತಿ ಹಿಂದಕ್ಕೆ ಹೋದ. ಬಗ್ಗಿ ಆ ಬೆರಳುಗಳನ್ನು, ತೋಳನ್ನು ನೋಡಿದ. ಮೊಳೆ ಜೋಡಿಸುವವರಿಗೆ ಹತ್ತಿರದಿಂದ ನೋಡುವ ಅಭ್ಯಾಸ. ಕೋಟಿನ ಕಥೆಯನ್ನೂ ಮುದ್ರೆಯ ಕಥೆಯನ್ನೂ ಅವನಿಗೆ ಹೇಳಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಮಾತಾಡಿದ. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. “ತನ್ನ ಕೈನ ತಾನೇ ಹಿಡ್ಕೊಂಡು ನಿಂತಿದ್ದಾನಲ್ಲೋ. ಹಿಡ್ಕೊಳ್ಳೋರು ಮನೇಲಿ ಯಾರೂ ಇರಲಿಲ್ವಾ?”

ಆಮೇಲೆ, “ಇರಲಿ ಬಿಡು, ಮಾಡು” ಎಂದ. ಅವತ್ತಿನ ತಾರೀಖು ಬರೆದುಕೊಂಡೆ.

ಮುಂದಿನ ತಿಂಗಳ ಮೊದಲ ವಾರ ಅನಾವರಣ. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಇಡುತ್ತಾರೆ. ಬರುತ್ತೀರಲ್ಲ?

*

ಜನವರಿ ೧೯

ತಮ್ಮಾ,

ಸಮಾರಂಭಕ್ಕೆ ಬರುವುದಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಬಾಯಿ ತುಂಬ ಹೊಗಳುವವರ ಭಾಷಣ ಕೇಳುವ ಶಕ್ತಿ ನನಗಿಲ್ಲ. ಜನರೆಲ್ಲ ಚದುರಿದ ಮೇಲೆ, ಬಿಸಿಲು ಏರುವ ಮುಂಚೆ ಒಂದು ದಿನ, ಮಗಳ ಜೊತೆ ಬರುತ್ತೇನೆ. ಅವಳೂ ಬರುತ್ತೇನೆ ಅಂದಿದ್ದಾಳೆ. ಇಬ್ಬರೂ ಹಿಂದೆಯೇ ನಿಲ್ಲುತ್ತೇವೆ.

ಟ್ರಂಕು ವಾಪಸು ಬೇಡ ಅಂದಿದ್ದೆ. ಆ ಬಿಳಿ ದಾರದ ಓರೆ ಹೊಲಿಗೆಯ ಕೋಟು ಒಂದನ್ನು ಕಳಿಸಿಕೊಡು. ಬಿಚ್ಚಿ ಸರಿ ಮಾಡಲಿಕ್ಕಲ್ಲ. ಹಾಗೇ ಇರಲಿ.

ನಿನ್ನ ಅಣ್ಣ ಕೇಳಿದ್ದಕ್ಕೆ ಉತ್ತರ ನಾನೇ ಕೊಡಬೇಕು. ಹಿಡಿದುಕೊಳ್ಳುವವಳು ಮನೆಯಲ್ಲಿ ಇದ್ದಳು ಎಂದು ಹೇಳು. ಪಕ್ಕದಲ್ಲೇ ಕೂತು, ತಲೆ ಬಗ್ಗಿಸಿ, ತೋಳಿಗೆ ತೇಪೆ ಹಾಕುತ್ತಿದ್ದಳು ಎಂದು ಹೇಳು.